ಚುಕ್ಕೆಗೆ ಮುಂಚಿನ ಹೆಸರು

ಮೇಡಂ ಅವರ ನೆತ್ತಿಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯ ಕಡೆಗೆ, ಬೆರಳಗಲದ ಒಂದು ತಗ್ಗು ಇತ್ತು. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಅಲ್ಲಿ ಕೂದಲು ಮೇಲೇಳುತ್ತಿರಲಿಲ್ಲ. ಎಪ್ಪತ್ತರ ದಶಕವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ, ಊರಿಂದೂರಿಗೆ ಫೋನ್ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ, ತಲೆಗೆ ಹೆಡ್‌ಫೋನಿನ ಕಬ್ಬಿಣದ ಪಟ್ಟಿ ಹಾಕಿಕೊಂಡು ಕಳೆದವರ ತಲೆ ಅದು. ಎಡಗಿವಿ ಸ್ವಲ್ಪ ಮಂದ. ಯಾರಾದರೂ ಮಾತಾಡಲು ಬಂದರೆ ಬಲಗಿವಿಯನ್ನು ಅವರತ್ತ ತಿರುಗಿಸಿ, ಕಣ್ಣನ್ನು ಎಲ್ಲೋ ಗೋಡೆಯ ಮೇಲೆ ನೆಟ್ಟು ಕೇಳುತ್ತಿದ್ದರು. ಹೊಸಬರಿಗೆ ಇದು ಜಂಬದಂತೆ ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ನನಗೂ ಹಾಗೇ ಕಂಡಿತ್ತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಆಫೀಸು ಜಯನಗರದಲ್ಲಿ ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗೆ ಮದುವೆ ಸೀಸನ್ನಿನಲ್ಲಿ ದಿನವಿಡೀ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಯಂತ್ರದ ಕಿರ್ರ್ ಎನ್ನುವ ಸದ್ದು; ಮೇಲೆ ನಾವು ಏಳೆಂಟು ಜನ, ಹಸಿರು ಅಕ್ಷರದ ಟರ್ಮಿನಲ್‌ಗಳ ಮುಂದೆ. ಸಣ್ಣಪುಟ್ಟ ಕಾರ್ಖಾನೆಗಳಿಗೆ, ಶಾಲೆಗಳಿಗೆ, ಒಂದು ನರ್ಸಿಂಗ್ ಹೋಮಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಕೆಲಸ. ಮೇಡಂ ನಮ್ಮ ಮುಖ್ಯಸ್ಥೆ. ಟೆಲಿಫೋನ್ ಕೆಲಸದಲ್ಲಿದ್ದಾಗಲೇ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತು, ನಲವತ್ತು ದಾಟಿದ ಮೇಲೆ ಈ ಕಸುಬಿಗೆ ಬಂದವರು. ಮದುವೆಯಾಗಿರಲಿಲ್ಲ. ಜೆ.ಪಿ. ನಗರದಲ್ಲಿ ಅಕ್ಕನ ಜೊತೆ ಇದ್ದರು. ಹತ್ತಿ ಸೀರೆ, ಗಂಡಸರ ದೊಡ್ಡ ವಾಚು, ಮಧ್ಯಾಹ್ನಕ್ಕೆ ಮೊಸರನ್ನ. ಮೊಸರನ್ನದ ಡಬ್ಬಿ ತೆರೆದಾಗ ಮಾತ್ರ ಅವರು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಮಿಕ್ಕ ಹೊತ್ತಿನಲ್ಲಿ ಕೇಳುವುದೇ ಕೆಲಸ. "ಮೇಡಂ, ಅದು ಆಯ್ತು" ಎಂದು ಹೋಗಿ ನಿಂತರೆ, "ಅದು ಅಂದ್ರೆ ಯಾವ್ದು?" ಎನ್ನುವರು. "ಸುರೇಶ ಫೋನ್ ಮಾಡಿದ್ದ" ಎಂದರೆ, "ಯಾವ ಸುರೇಶ? ಯಾವ ಊರಿಂದ? ಯಾರ ಹತ್ರ ಮಾತಾಡ್ಬೇಕಂತೆ?" ಈ ಮೂರು ಪ್ರಶ್ನೆಗಳು ಅವರ ಬಾಯಲ್ಲಿ ಒಂದೇ ಉಸಿರಿಗೆ ಬರುತ್ತಿದ್ದವು, ಮಗ್ಗಿ ಹೇಳಿದ ಹಾಗೆ. ಹುಡುಗರು ಅವರ ಬೆನ್ನ ಹಿಂದೆ ಅದನ್ನೇ ಅಣಕಿಸಿ ನಗುತ್ತಿದ್ದರು. ಕಾಫಿ ತರುವವನು ಬಂದರೂ, "ಯಾವ ಕಾಫಿ? ಯಾವ ಹೋಟೆಲಿಂದ? ಯಾರ ಹತ್ರ ಕೊಡ್ಬೇಕಂತೆ?" ಒಮ್ಮೆ ಮೇಡಂ ಬಾಗಿಲಲ್ಲೇ ನಿಂತು ಇದನ್ನೆಲ್ಲಾ ಕೇಳಿಸಿಕೊಂಡರು. "ನಗ್ರೋ ನಗ್ರಿ," ಎಂದು ತಾವೂ ನಕ್ಕು ತಮ್ಮ ಕುರ್ಚಿಗೆ ಹೋದರು.

ಆ ದಿನ ಸಂಜೆ ಬಸ್ ಸ್ಟಾಪಿನಲ್ಲಿ ನಾವಿಬ್ಬರೇ ಇದ್ದಾಗ, ಕೇಳದೆಯೇ ಒಂದು ಸಂಗತಿ ಹೇಳಿದರು. ಅವರು ಟ್ರಂಕ್ ಎಕ್ಸ್‌ಚೇಂಜಿಗೆ ಸೇರಿದ ಹೊಸತು. ಮುಂಬಯಿಯಿಂದ ಅರ್ಜೆಂಟ್ ಕಾಲ್. ಲೈನ್ ಕೆಟ್ಟದಾಗಿತ್ತು, ಅರ್ಧ ಕೇಳುತ್ತಿತ್ತು ಅರ್ಧ ಇಲ್ಲ. ಶ್ರೀನಿವಾಸಯ್ಯ, ಜಯನಗರ ಎಂಬಷ್ಟು ಸಿಕ್ಕಿತು. ಅವರ ಕೈಯಲ್ಲಿದ್ದ ಡೈರೆಕ್ಟರಿಯಲ್ಲಿ ಅದೇ ಬಡಾವಣೆಯ ಅದೇ ಹೆಸರು ಕಂಡಿತು, ಜೋಡಿಸಿಬಿಟ್ಟರು. ಅತ್ತ ಕಡೆಯವನು ಅಳುತ್ತಾ, "ಅಣ್ಣ ಹೋಗ್ಬಿಟ್ರು, ಹೊರಟು ಬನ್ನಿ" ಎಂದಷ್ಟೇ ಹೇಳಿದ. ಲೈನ್ ಸತ್ತಿತು.

"ಆ ಮನೆಯವರಿಗೂ ಮುಂಬಯೀಲಿ ಅಣ್ಣ ಇದ್ರು ಕಣೇ. ಮನೆಯವರೆಲ್ಲ ಬೆಳಗ್ಗೆಯಿಂದ ಸಂಜೆವರೆಗೂ ಅತ್ರು. ಆಮೇಲೆ ಗೊತ್ತಾಯ್ತು. ಅವರಿಗೇನೋ ಸಂತೋಷಾನೇ ಆಯ್ತು ಬಿಡು, ನನ್ನನ್ನ ಬೈಯೋದನ್ನೂ ಮರೆತ್ರು. ಆದ್ರೆ ಸುದ್ದಿ ನಿಜವಾಗಿ ಸೇರ್ಬೇಕಾಗಿದ್ದ ಇನ್ನೊಬ್ಬ ಶ್ರೀನಿವಾಸಯ್ಯ ಇದ್ರಲ್ಲ, ಅವರ ಮನೇಲಿ ಅವತ್ತು ಮಗಳ ನಿಶ್ಚಿತಾರ್ಥ. ಅಣ್ಣ ತೀರಿಹೋಗಿದಾರೆ, ಇವರು ಇಲ್ಲಿ ಹೋಳಿಗೆ ಬಡಿಸ್ತಿದಾರೆ."

ಬಸ್ಸು ಬಂತು. ಹತ್ತುವ ಮುಂಚೆ, "ತಪ್ಪಾದ ಮನೆಗೆ ಹೋದ ಸುದ್ದಿ ಬಗ್ಗೆ ಎಲ್ರೂ ಯೋಚ್ನೆ ಮಾಡ್ತಾರೆ. ಸರಿಯಾದ ಮನೆಗೆ ಹೋಗದೇ ಉಳೀತಲ್ಲ, ಅದರ ಬಗ್ಗೆ ಯಾರೂ ಮಾಡಲ್ಲ," ಎಂದರು.

ಇದರ ಅರ್ಥ ನನಗೆ ಪೂರ್ತಿಯಾಗಿ ಆಗಿದ್ದು ಮುಂದಿನ ವರ್ಷ, ನಮ್ಮ ಮನೆಯಲ್ಲೇ.

ನಮ್ಮ ತಂದೆ ಕಾರ್ಖಾನೆಯೊಂದರಲ್ಲಿ ಫಿಟರ್. ನಾವಿದ್ದದ್ದು ಯಡಿಯೂರಿನಲ್ಲಿ. ಅವರಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ನಮ್ಮ ಆಫೀಸಿನವರೇ ಪ್ರೋಗ್ರಾಂ ಬರೆದುಕೊಟ್ಟಿದ್ದ ಜಯನಗರದ ಆ ನರ್ಸಿಂಗ್ ಹೋಮಿನಲ್ಲೇ ಮಾಡಿಸುವುದೆಂದು ಗೊತ್ತು ಮಾಡಿದ್ದೆವು. ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಮಾಡುವಂತೆ ರಕ್ತ ಪರೀಕ್ಷೆಗೆ ಕೊಟ್ಟರು. ಶನಿವಾರ ಮಧ್ಯಾಹ್ನ ಅಪ್ಪನೇ ಹೋಗಿ ರಿಪೋರ್ಟು ತೆಗೆದುಕೊಂಡು ಡಾಕ್ಟರಿಗೆ ತೋರಿಸಿದರು. ಡಾಕ್ಟರು ಅದನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರಂತೆ. "ಆಪರೇಷನ್ ಈಗ ಬೇಡ. ನಿಮ್ಮ ಕಿಡ್ನಿ ಎರಡೂ ಸರಿಯಾಗಿ ಕೆಲಸ ಮಾಡ್ತಿಲ್ಲ. ಸೋಮವಾರ ಕಿಡ್ನಿ ಡಾಕ್ಟರನ್ನ ನೋಡಿ. ಮನೆಯವರನ್ನ ಜೊತೇಲಿ ಕರ್ಕೊಂಡು ಬನ್ನಿ."

ಮನೆಯವರನ್ನು ಕರೆತನ್ನಿ ಎಂದ ಮೇಲೆ ಅಪ್ಪನಿಗೆ ಬೇರೇನೂ ಹೇಳಬೇಕಾಗಿರಲಿಲ್ಲ.

ಆ ಭಾನುವಾರ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಅಳಲಿಲ್ಲ. ಅಪ್ಪ ಬೆಳಗ್ಗೆ ಎದ್ದು ಸ್ನಾನ ಮಾಡಿ, ಸ್ಟೂಲು ತಂದು ಮೀಟರಿನ ಕೆಳಗೆ ಹಾಕಿ, ಅಮ್ಮನನ್ನು ಕರೆದರು. "ಬಾ ಇಲ್ಲಿ. ಫ್ಯೂಸ್ ಹೋದ್ರೆ ಹೀಗೆ ಕಟ್ಬೇಕು. ಮೊದ್ಲು ಮೇನ್ ಆಫ್ ಮಾಡ್ಕೋ. ತಂತಿ ಒಂದೇ ಎಳೆ, ಎರಡು ಹಾಕ್ಬೇಡ." ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. "ನಂಗೆ ಬೇಡ. ನೀವಿರುವಾಗ ನಾನ್ಯಾಕೆ ಕಲೀಲಿ?" ಎಂದು ಒಳಗೆ ಹೋಗಿಬಿಟ್ಟಳು. ಅಪ್ಪ ಫ್ಯೂಸ್ ಹಿಡಿದುಕೊಂಡು ಸ್ಟೂಲಿನ ಮೇಲೆ ಹಾಗೇ ನಿಂತಿದ್ದರು. ಕೊನೆಗೆ ನಾನು ಹೋಗಿ ಕಲಿತೆ. ತಂತಿ ಎರಡು ಸಲ ತುಂಡಾಯಿತು.

ಸೋಮವಾರ ಕಿಡ್ನಿ ಡಾಕ್ಟರು ಬರುವುದು ಸಂಜೆ. ಬೆಳಗ್ಗೆ ನಾನು ಆಫೀಸಿಗೆ ಹೋದದ್ದು ರಜೆ ಕೇಳಲು. ಮೇಡಂ ನನ್ನ ಮುಖ ನೋಡಿ ಕೂರಿಸಿದರು. ನಾನು ರಿಪೋರ್ಟನ್ನು ಮೇಜಿನ ಮೇಲಿಟ್ಟು, "ಅಪ್ಪಂದು ಮೇಡಂ," ಎಂದೆ.

ಅವರು ಸಮಾಧಾನ ಹೇಳಲಿಲ್ಲ. ಕಾಗದವನ್ನು ಎರಡು ಕೈಯಲ್ಲೂ ಹಿಡಿದು ಮೇಲಿಂದ ಕೆಳಗಿನವರೆಗೆ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ಪರೀಕ್ಷೆ ಮಾಡಿದ ಟೆಕ್ನಿಷಿಯನ್ನಿನ ಹೆಸರಿನ ಮೊದಲಕ್ಷರಗಳು ಅಲ್ಲಿ ಅಚ್ಚಾಗುತ್ತಿದ್ದವು.

"ನಿಮ್ತಂದೆ ರಕ್ತ ಕೊಟ್ಟಿದ್ದೆಲ್ಲಿ?"

"ಜಯನಗರ ಲ್ಯಾಬಲ್ಲೇ ಮೇಡಂ. ನಾನೇ ಕರ್ಕೊಂಡೋಗಿದ್ದೆ."

"ಬನಶಂಕರಿ ಲ್ಯಾಬಲ್ಲಿ ಅಲ್ಲ ತಾನೆ?"

"ಅಲ್ಲ."

"ಈ ಅಕ್ಷರದವರು ಬನಶಂಕರಿ ಲ್ಯಾಬಿನವರು. ಇಲ್ಲಿಗೆ ಬರಲ್ಲ." ಅಷ್ಟೇ ಹೇಳಿ ಎದ್ದು ಛತ್ರಿ ತೆಗೆದುಕೊಂಡರು. "ನಡಿ. ಏನೂ ಅಂದ್ಕೋಬೇಡ ಈಗ್ಲೇ. ಒಳ್ಳೇದೂ ಅಂದ್ಕೋಬೇಡ, ಕೆಟ್ಟದ್ದೂ ಅಂದ್ಕೋಬೇಡ."

ಆ ನರ್ಸಿಂಗ್ ಹೋಮಿಗೆ ಮೊದಲು ಇದ್ದದ್ದು ಜಯನಗರದ ಲ್ಯಾಬ್ ಒಂದೇ. ರಿಪೋರ್ಟು ಅಚ್ಚು ಹಾಕುವ ಪ್ರೋಗ್ರಾಮನ್ನು ಆಗ ಬರೆದವರು ಮೇಡಂ ಅವರೇ. ಪರೀಕ್ಷೆಯ ಫಲಿತಾಂಶಗಳೆಲ್ಲ ಕಂಪ್ಯೂಟರಿನಲ್ಲಿ ಒಂದು ಟೇಬಲ್ಲಿನಲ್ಲಿ, ಎಂದರೆ ಒಂದು ಪಟ್ಟಿಯಲ್ಲಿ, ಕೂರುತ್ತಿದ್ದವು. ಅದರ ಹೆಸರು ರಿಸಲ್ಟ್. ಆಮೇಲೆ ಅವರು ಬನಶಂಕರಿಯಲ್ಲಿ ಇನ್ನೊಂದು ಲ್ಯಾಬ್ ತೆರೆದರು. ಎರಡರ ಲೆಕ್ಕ ಬೆರೆತುಹೋಗಬಾರದೆಂದು ಅದೇ ಕಂಪ್ಯೂಟರಿನಲ್ಲಿ ಅದಕ್ಕೂ ಪ್ರತ್ಯೇಕ ಜಾಗ ಮಾಡಿಕೊಟ್ಟೆವು. ಅಲ್ಲೂ ಒಂದು ರಿಸಲ್ಟ್ ಟೇಬಲ್. ಒಂದರ ಮಾಲೀಕ ಜಯನಗರ, ಇನ್ನೊಂದರ ಮಾಲೀಕ ಬನಶಂಕರಿ. ಅವರವರ ರಿಪೋರ್ಟನ್ನು ಅವರವರೇ ಅಚ್ಚು ಹಾಕಿಕೊಳ್ಳುತ್ತಿದ್ದರಿಂದ ಯಾವ ತೊಂದರೆಯೂ ಇರಲಿಲ್ಲ.

ನಮಗೆ ತಿಳಿಯದೇ ಇದ್ದ ಸಂಗತಿಯೆಂದರೆ, ಹಿಂದಿನ ವಾರ ಆ ನರ್ಸಿಂಗ್ ಹೋಮಿನವರು ರೋಗಿಗಳಿಗೆ ಅನುಕೂಲವಾಗಲಿ ಎಂದು ಜಯನಗರದಲ್ಲೇ ಒಂದು ಜಂಟಿ ಕೌಂಟರ್ ತೆರೆದಿದ್ದರು. ಎಲ್ಲಿ ರಕ್ತ ಕೊಟ್ಟಿದ್ದರೂ ರಿಪೋರ್ಟು ಅಲ್ಲೇ ಸಿಗುತ್ತಿತ್ತು. ಬೆಳಗ್ಗೆ ಅಲ್ಲಿ ಕೂರುತ್ತಿದ್ದವರು ಜಯನಗರ ಲ್ಯಾಬಿನ ಗುಮಾಸ್ತೆ, ಮಧ್ಯಾಹ್ನ ಬನಶಂಕರಿಯ ಗುಮಾಸ್ತರು. ಇಬ್ಬರೂ ತಮ್ಮ ತಮ್ಮ ಲ್ಯಾಬಿನ ಹೆಸರಿನಲ್ಲೇ ಲಾಗಿನ್ ಆಗುತ್ತಿದ್ದರು.

ಮೇಡಂ ಆ ಕೌಂಟರಿಗೆ ಹೋಗಿ ಇದನ್ನು ಕೇಳಿ ತಿಳಿದುಕೊಂಡ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಅಲ್ಲಿನ ಟರ್ಮಿನಲ್ ಮುಂದೆ ಕೂತು, ಬನಶಂಕರಿಯ ಹೆಸರಿನಲ್ಲಿ ಲಾಗಿನ್ ಆಗಿ, ಅಪ್ಪನ ಲ್ಯಾಬ್ ನಂಬರು ಕೊಟ್ಟು, ಬರೀ ರಿಸಲ್ಟ್ ಎಂಬ ಟೇಬಲ್ಲಿನಿಂದ ತಾ ಎಂದು ಬರೆದರು. ತೆರೆಯ ಮೇಲೆ ಅದೇ ಅಂಕಿಗಳು ಮೂಡಿದವು.

"ಈಗ ನೋಡು," ಎಂದರು. ಅದೇ ಸಾಲನ್ನು ಮತ್ತೆ ಬರೆದರು. ಈ ಸಲ ಟೇಬಲ್ಲಿನ ಹೆಸರಿಗೆ ಮುಂಚೆ ಜಯನಗರ ಎಂದು ಹಾಕಿ, ಒಂದು ಚುಕ್ಕೆ ಇಟ್ಟು, ಆಮೇಲೆ ರಿಸಲ್ಟ್ ಎಂದರು.

ಬೇರೆ ಅಂಕಿಗಳು ಬಂದವು. ಯೂರಿಯಾ ಸರಿ. ಕ್ರಿಯಾಟಿನಿನ್ ಸರಿ. ಎಲ್ಲವೂ ಸರಿ. ಕೊನೆಗೆ ಜಯನಗರದ ಟೆಕ್ನಿಷಿಯನ್ನಿನ ಅಕ್ಷರಗಳು.

"ಬರೀ ರಿಸಲ್ಟ್ ಅಂದ್ರೆ ಈ ಮೆಷಿನ್ನು ಏನ್ ಮಾಡತ್ತೆ ಗೊತ್ತಾ? ಯಾರು ಲಾಗಿನ್ ಆಗಿದಾರೋ ಅವರ ಮನೇಲಿ ಮೊದಲು ನೋಡತ್ತೆ. ಅಲ್ಲಿ ಆ ಹೆಸರಿಂದು ಸಿಕ್ರೆ ಅದನ್ನೇ ತಂದು ಕೈಗೆ ಕೊಡತ್ತೆ. ಪಕ್ಕದ ಮನೇಲೂ ಒಂದಿದೆ, ಯಾವ್ದು ಬೇಕಮ್ಮಾ ಅಂತ ಕೇಳಲ್ಲ. ಎರಡು ಲ್ಯಾಬಲ್ಲೂ ನಂಬರು ಒಂದರಿಂದಾನೇ ಶುರು. ನಿಮ್ತಂದೆ ನಂಬರೇ ಅಲ್ಲೂ ಇನ್ಯಾರಿಗೋ ಇದೆ. ಹೆಸರು, ವಯಸ್ಸು ಮಾತ್ರ ಆಸ್ಪತ್ರೆ ನಂಬರಿಂದ ಹುಡುಕೋ, ಎರಡು ಲ್ಯಾಬಿಗೂ ಸೇರಿದ ಇನ್ನೊಂದು ಟೇಬಲ್ಲಿಂದ ಸರಿಯಾಗಿ ಬಂದಿದೆ."

ನಾನು ಅರ್ಧವನ್ನೂ ಕೇಳಿಸಿಕೊಳ್ಳಲಿಲ್ಲ. ಅಪ್ಪನಿಗೆ ಏನೂ ಇಲ್ಲ ಎಂಬುದೊಂದೇ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಆಸ್ಪತ್ರೆಯ ಫೋನಿನಿಂದ ಪಕ್ಕದ ಮನೆಯವರಿಗೆ ಹಚ್ಚಿ ಅಮ್ಮನನ್ನು ಕರೆಸಿದೆ. "ಅಮ್ಮಾ, ಅದು ಅಪ್ಪಂದಲ್ಲ! ಬೇರೆಯವರ್ದು! ಅಪ್ಪಂಗೆ ಏನೂ ಆಗಿಲ್ಲ!" ಅತ್ತ ಕಡೆ ಫೋನು ಕೆಳಗೆ ಬಿದ್ದ ಸದ್ದು. ಆಮೇಲೆ ಆ ಮನೆಯ ಆಂಟಿ ಫೋನ್ ತೆಗೆದುಕೊಂಡು, "ನಿಮ್ಮಮ್ಮ ನೆಲದ ಮೇಲೆ ಕೂತ್ಕೊಂಡು ನಗ್ತಿದಾರೆ ಕಣೇ, ಏನಾಯ್ತೇ?" ಎಂದರು.

ನಾನೂ ನಗುತ್ತಲೇ ತಿರುಗಿದೆ. ಮೇಡಂ ನಗುತ್ತಿರಲಿಲ್ಲ. ತೆರೆಯ ಮೇಲೆ ಅವರು ಆಗಲೇ ಇನ್ನೊಂದು ಹೆಸರು ತೆಗೆದಿದ್ದರು.

"ಮುನಿಯಪ್ಪ, ಕೋಣನಕುಂಟೆ," ಎಂದು ಓದಿದರು. "ಬನಶಂಕರೀಲಿ ರಕ್ತ ಕೊಟ್ಟಿದಾರೆ. ಶನಿವಾರ ಬೆಳಗ್ಗೆ ಇಲ್ಲಿ ಬಂದು ರಿಪೋರ್ಟ್ ತಗೊಂಡಿದಾರೆ. ಬೆಳಗ್ಗೆ ಕೂತಿದ್ದೋರು ಜಯನಗರದವರು." ನನ್ನ ಕಡೆ ತಿರುಗಿದರು. "ನಿಮ್ತಂದೆ ರಿಪೋರ್ಟು ಆ ಮನುಷ್ಯನ ಹತ್ರ ಇದೆ ಕಣೇ. ಎಲ್ಲಾ ಚೆನ್ನಾಗಿದೆ ಅಂತ ಜೇಬಲ್ಲಿಟ್ಕೊಂಡು ಮನೆಗೆ ಹೋಗಿದಾರೆ."

ಆಸ್ಪತ್ರೆಯ ಆಡಳಿತಾಧಿಕಾರಿ ಒಳ್ಳೆಯವರೇ, ಆದರೆ ಹೆದರಿದ್ದರು. ಸರಿಯಾದ ರಿಪೋರ್ಟನ್ನು ಪೋಸ್ಟಿನಲ್ಲಿ ಕಳಿಸೋಣ, ಜೊತೆಗೊಂದು ಕಾಗದ ಇಡೋಣ ಎಂದರು. "ಸಾರ್, ಅಡ್ರೆಸ್ಸಲ್ಲಿ ಬರೀ ಕೋಣನಕುಂಟೆ ಅಂತಿದೆ. ಆ ಕಾಗದ ಯಾವ ಮುನಿಯಪ್ಪನ ಮನೆಗೆ ಹೋಗತ್ತೆ, ಯಾವಾಗ ಹೋಗತ್ತೆ?" ಎಂದರು ಮೇಡಂ. "ನಂಗೆ ನಿಮ್ಮ ಮೆಟಡಾರ್ ವ್ಯಾನ್ ಕೊಡಿ. ಪ್ರೋಗ್ರಾಂ ಬರೆದಿದ್ದು ನಾನು. ನಾನೇ ಹೋಗಿ ಹೇಳ್ತೀನಿ." ನನಗೆ ಮನೆಗೆ ಹೋಗು ಎಂದರು. ನಾನು ಹೋಗಲಿಲ್ಲ. ಅವರ ಹಿಂದೆಯೇ ವ್ಯಾನು ಹತ್ತಿದೆ.

ಆಗಿನ ಕೋಣನಕುಂಟೆ ಇನ್ನೂ ಹಳ್ಳಿಯೇ. ಸಾರಕ್ಕಿ ದಾಟಿದ ಮೇಲೆ ಕನಕಪುರ ರಸ್ತೆಯ ಎರಡೂ ಬದಿಗೆ ರಾಗಿ ಹೊಲ, ಹೂವಿನ ತೋಟ. ಊರ ಬಾಗಿಲಲ್ಲಿ ಟೀ ಅಂಗಡಿ. ವ್ಯಾನು ನಿಲ್ಲುತ್ತಿದ್ದಂತೆ ನಾಲ್ಕು ಜನ ಎದ್ದು ಬಂದರು.

"ಮುನಿಯಪ್ಪನವರ ಮನೆ ಎಲ್ಲಿ ಅಣ್ಣಾ?"

"ಯಾವ ಮುನಿಯಪ್ಪ ಅಮ್ಮಾ? ಊರ ತುಂಬಾ ಮುನಿಯಪ್ಪಗಳೇ." ಟೀ ಅಂಗಡಿಯವನು ನಕ್ಕ. "ದೊಡ್ಡಮನೆ ಮುನಿಯಪ್ಪನಾ, ಬೋರಣ್ಣನ ಮಗ ಮುನಿಯಪ್ಪನಾ, ಇಲ್ಲಾ ಕೆರೆ ಏರಿ ಮೇಲಿರೋ ಮುನಿಯಪ್ಪನಾ?"

"ನಲವತ್ತೈದು ವಯಸ್ಸು."

"ಬೋರಣ್ಣನ ಮಗನಿಗೂ ಅಷ್ಟೇ, ಕೆರೆ ಏರಿಯವನಿಗೂ ಅಷ್ಟೇ. ಏನ್ ವಿಷಯ ಅಮ್ಮಾ?"

ಆಸ್ಪತ್ರೆಯ ವ್ಯಾನು ನೋಡಿ ಸುತ್ತ ಜನ ಸೇರುತ್ತಿದ್ದರು. ಮೇಡಂ ವಿಷಯ ಬಿಟ್ಟುಕೊಡಲಿಲ್ಲ. "ಶನಿವಾರ ಬೆಳಗ್ಗೆ ಜಯನಗರಕ್ಕೆ ಹೋಗಿದ್ರು ಅವರು," ಎಂದಷ್ಟೇ ಹೇಳಿದರು. "ಅಂಗಾದ್ರೆ ಬೋರಣ್ಣನ ಮಗ. ಶನಿವಾರ ಶನಿವಾರ ಮಾರ್ಕೆಟ್‌ಗೆ ಕನಕಾಂಬರ ಹಾಕಕ್ಕೆ ಹೋಯ್ತಾನೆ," ಎಂದು ಅಲ್ಲಿದ್ದ ಮುದುಕಿಯೊಬ್ಬಳು ದಾರಿ ತೋರಿಸಿದಳು.

ಹೂವಿನ ತೋಟದ ಅಂಚಿನಲ್ಲಿ ಹೆಂಚಿನ ಮನೆ. ಅಂಗಳ ತಲುಪುವ ಮೊದಲೇ ಒಂದು ಹೆಂಗಸಿನ ದನಿ ಕೇಳಿಸಿತು. "ಮೂರು ದಿನದಿಂದ ಮಲಗಿದ್ದೀಯಲ್ಲ, ಡಾಕ್ಟ್ರು ಕಾಗದದಲ್ಲೇ ಬರ್ಕೊಟ್ಟವ್ರೆ ಏನೂ ಇಲ್ಲ ಅಂತ! ಎದ್ದು ನೀರು ಹಾಯಿಸು, ಹೂವೆಲ್ಲ ಬಾಡ್ತಾ ಐತೆ!"

ಜಗುಲಿಯ ಮೇಲೆ ಒಬ್ಬರು ಗೋಡೆಗೆ ಒರಗಿ ಕೂತಿದ್ದರು. ಮುಖ ಊದಿಕೊಂಡು ಕಣ್ಣು ಸಣ್ಣದಾಗಿತ್ತು. ಪಾದಗಳು ಚಪ್ಪಲಿಯಲ್ಲಿ ಹಿಡಿಸುವ ಹಾಗಿರಲಿಲ್ಲ.

ಮೇಡಂ ಅವಸರ ಮಾಡಲಿಲ್ಲ. ಜಗುಲಿಯ ಮೇಲೆ ಅವರ ಪಕ್ಕದಲ್ಲೇ ಕೂತರು. ಹೆಸರು ಕೇಳಿದರು. ತಂದೆಯ ಹೆಸರು ಕೇಳಿದರು. ಎಲ್ಲಿ ರಕ್ತ ಕೊಟ್ಟಿರಿ, ಯಾವತ್ತು, ರಿಪೋರ್ಟು ಯಾವಾಗ ಸಿಕ್ಕಿತು ಎಂದು ಒಂದೊಂದಾಗಿ ಕೇಳಿ, ಕಾಗದ ತರಿಸಿ ನಂಬರು ನೋಡಿದರು. ಅದನ್ನು ನಾನೂ ನೋಡಿದೆ. ಬೋರಣ್ಣನ ಮಗ ಮುನಿಯಪ್ಪನ ಹೆಸರಿನ ಕೆಳಗೆ ನಮ್ಮಪ್ಪನ ರಕ್ತ ಇತ್ತು.

"ಮುನಿಯಪ್ಪನವ್ರೇ, ಈ ಕಾಗದ ನಿಮ್ದಲ್ಲ. ಇದು ಈ ಹುಡುಗಿ ತಂದೇದು. ನಿಮ್ದು ಅವರ ಮನೆಗೆ ಹೋಗಿತ್ತು. ತಪ್ಪು ನಂದು. ನಿಮ್ಮ ಕಿಡ್ನೀಲಿ ತೊಂದ್ರೆ ಇದೆ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು, ವ್ಯಾನ್ ತಂದಿದೀನಿ," ಎಂದರು.

ಅವರು ಕಿರುಚುತ್ತಾರೆ, ಬೈಯುತ್ತಾರೆ ಎಂದು ನಾನು ಕಾದಿದ್ದೆ. ಮುನಿಯಪ್ಪನವರು ದೊಡ್ಡದೊಂದು ಉಸಿರು ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ತಾ? ನಾನು ಸುಳ್ಳು ಹೇಳ್ತಿಲ್ಲ ಅಂತ ಈಗ್ಲಾದ್ರೂ ಗೊತ್ತಾಯ್ತಾ?" ಆ ಊದಿದ ಮುಖದಲ್ಲಿ ಒಂದು ಬಗೆಯ ನಿರಾಳ. ಮೈಯೆಲ್ಲ ನೋಯುತ್ತಿರುವಾಗ ಏನೂ ಇಲ್ಲ ಎಂದು ಕಾಗದ ಹೇಳುತ್ತಿದ್ದರೆ ಮನುಷ್ಯ ಎಷ್ಟು ಒಂಟಿಯಾಗುತ್ತಾನೆ ಎಂಬುದು ಅವತ್ತು ನನಗೆ ಗೊತ್ತಾಯಿತು. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತವಳು ಹಾಗೇ ಕುಸಿದು ಗಂಡನ ಕಾಲು ಹಿಡಿದುಕೊಂಡಳು. "ಬೈದ್ನಲ್ಲಾ, ಬೈದ್ನಲ್ಲಾ," ಎಂದು ಅದೊಂದೇ ಮಾತು. ಮೇಡಂ ಅವಳ ತೋಳು ಹಿಡಿದು ಎಬ್ಬಿಸಿದರು. "ನೀನು ಬೈದಿದ್ದು ಕಾಗದ ನಂಬ್ಕೊಂಡು ಕಣಮ್ಮಾ. ಬೈಯಿಸಿದ್ದು ನಾನು. ಏಳು, ಅವರಿಗೊಂದು ಶರ್ಟು ಹಾಕು."

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ಒಂದು ಕಿಡ್ನಿ ಎಂದೋ ಸೊರಗಿಹೋಗಿದ್ದು, ಇನ್ನೊಂದರ ದಾರಿಗೆ ಕಲ್ಲು ಅಡ್ಡ ಬಂದಿದ್ದು ತಿಳಿಯಿತು. ಕಲ್ಲು ತೆಗೆದರೆ ಆ ಒಂದು ಕಿಡ್ನಿ ಮತ್ತೆ ಕೆಲಸ ಮಾಡಬಹುದು. ತಡವಾಗಿದ್ದರೆ ಅದೂ ಹೋಗುತ್ತಿತ್ತು ಎಂದರು ಕಿಡ್ನಿ ಡಾಕ್ಟರು. ಮರುದಿನ ಬೆಳಗ್ಗೆ ಆಪರೇಷನ್. ಮೇಡಂ ಆಫೀಸಿಗೆ ರಜೆ ಹಾಕಿ ಮುನಿಯಪ್ಪನವರ ಹೆಂಡತಿಯ ಜೊತೆ ಬೆಂಚಿನ ಮೇಲೆ ಕೂತಿದ್ದರು. ನಾನು ಮೊಸರನ್ನ ತೆಗೆದುಕೊಂಡು ಹೋದೆ. ಮುಟ್ಟಲಿಲ್ಲ. ಆಪರೇಷನ್ ಮುಗಿದು ಗಂಟೆಗಳಾದರೂ ಒಳಗಿನಿಂದ ಸುದ್ದಿ ಇಲ್ಲ. ಕಲ್ಲು ಬಂದಿದೆ, ಆದರೆ ಕಿಡ್ನಿ ಎದ್ದಿದೆಯೋ ಇಲ್ಲವೋ ಗೊತ್ತಿಲ್ಲ, ಕಾಯಬೇಕು ಎಂದಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನರ್ಸು ಆ ಹೆಂಗಸನ್ನು ಒಳಗೆ ಕರೆದಳು. ಅವಳು ಹೋದಷ್ಟೇ ವೇಗವಾಗಿ ಹೊರಗೆ ಬಂದು, ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿದಳು.

"ಉಚ್ಚೆ ಹೋಯ್ತಂತೆ ಅಮ್ಮಾ! ಚೀಲ ತುಂಬೋಯ್ತಂತೆ!"

ಬೆಂಚುಗಳ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ನಕ್ಕರು. ಮೇಡಂ ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಬಗ್ಗಿ ಕೂತರು. ಬೆನ್ನು ಅಲುಗುತ್ತಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಕಣ್ಣೊರೆಸಿಕೊಂಡು, "ಎಲ್ಲೇ ಡಬ್ಬಿ? ಹಸಿವಾಗ್ತಿದೆ," ಎಂದರು. ಅರ್ಧವನ್ನು ಆ ಹೆಂಗಸಿಗೆ ಕೊಟ್ಟು ಇಬ್ಬರೂ ಒಂದೇ ಡಬ್ಬಿಯಲ್ಲಿ ತಿಂದರು.

ನಮ್ಮಪ್ಪನ ಹರ್ನಿಯಾ ಆಪರೇಷನ್ನೂ ಅದೇ ವಾರ ಆಯಿತು. ಮುನಿಯಪ್ಪನವರು ಅದೇ ವಾರ್ಡಿನಲ್ಲಿದ್ದಾರೆಂದು ತಿಳಿದು ಅಪ್ಪ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಅವರ ಮಂಚದ ಬಳಿಗೆ ನಡೆದುಹೋದರು. ಪಕ್ಕದಲ್ಲಿ ಕೂತು, "ನಿಮ್ಮ ಕಾಯಿಲೆ ಎರಡು ದಿನ ನಮ್ಮನೇಲಿತ್ತು," ಎಂದರು. ಮುನಿಯಪ್ಪನವರು, "ನಿಮ್ಮ ಆರೋಗ್ಯ ನಮ್ಮನೇಲಿತ್ತು ಬಿಡಿ ಸಾರ್. ಆದ್ರೆ ಒಗ್ಗಲಿಲ್ಲ," ಎಂದರು. ನಕ್ಕರೆ ಇಬ್ಬರ ಹೊಲಿಗೆಯೂ ನೋಯುತ್ತಿತ್ತು. ನೋಯಿಸಿಕೊಂಡೇ ನಕ್ಕರು.

ಮೇಡಂ ಮುಂದಿನ ತಿಂಗಳೆಲ್ಲ ಬೇರೆ ಕೆಲಸ ಹಿಡಿಯಲಿಲ್ಲ. ಆ ಕೌಂಟರಿನಿಂದ ಹೊರಹೋದ ಪ್ರತಿಯೊಂದು ರಿಪೋರ್ಟನ್ನೂ ಮತ್ತೆ ನೋಡಿದರು. ತಪ್ಪಾಗಿದ್ದ ಮನೆಗಳಿಗೆಲ್ಲ ಹೇಳಿಕಳಿಸಿದರು. ಪುಣ್ಯಕ್ಕೆ ಮಿಕ್ಕವೆಲ್ಲ ಸಣ್ಣ ವ್ಯತ್ಯಾಸಗಳು. ಆಮೇಲೆ ಪ್ರೋಗ್ರಾಂಗಳಿಗೆ ಕೈಹಾಕಿದರು. ಎಲ್ಲೆಲ್ಲಿ ಟೇಬಲ್ಲಿನ ಹೆಸರು ಒಂಟಿಯಾಗಿ ನಿಂತಿತ್ತೋ ಅಲ್ಲೆಲ್ಲ ಮಾಲೀಕನ ಹೆಸರು, ಒಂದು ಚುಕ್ಕೆ. ಆ ಆಸ್ಪತ್ರೆಯದಷ್ಟೇ ಅಲ್ಲ, ಎರಡನೇ ಟೇಬಲ್ಲೇ ಇಲ್ಲದ ಶಾಲೆಯ ಪ್ರೋಗ್ರಾಮಿನಲ್ಲೂ ಹಾಕಿದರು.

"ಇಲ್ಲಿ ಒಂದೇ ಇದೆಯಲ್ಲ ಮೇಡಂ, ಯಾಕೆ ಸುಮ್ನೆ?" ಎಂದು ನಮ್ಮ ಹುಡುಗನೊಬ್ಬ ಗೊಣಗಿದ.

"ಜಯನಗರದಲ್ಲೂ ಒಂದೇ ಇತ್ತಪ್ಪಾ, ನಾನು ಬರೆದಾಗ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಕೂತು ಬರೆದ. ಆಮೇಲೆ ನಮ್ಮ ಆಫೀಸಿನಲ್ಲಿ ಅವರ ಮೂರು ಪ್ರಶ್ನೆಗಳನ್ನು ಯಾರೂ ಅಣಕಿಸಲಿಲ್ಲ. ನಾವೇ ಅವನ್ನು ಕೇಳತೊಡಗಿದ್ದೆವು.

ನಾನು ಆ ಆಫೀಸು ಬಿಟ್ಟು ಬೇರೆ ಬೇರೆ ಕಡೆ ಕೆಲಸ ಮಾಡಿದೆ. ಹೋದಲ್ಲೆಲ್ಲ ನನ್ನ ಕೈ ಕೆಳಗಿನವರಿಗೆ ಮೊದಲು ಕಲಿಸಿದ್ದು ಆ ಚುಕ್ಕೆಯನ್ನು. ಯಾರಿಂದ ಕಲಿತಿರಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೇಡಂ ಅವರನ್ನು ವರ್ಷಕ್ಕೊಮ್ಮೆಯಾದರೂ ಜೆ.ಪಿ. ನಗರದ ಮನೆಯಲ್ಲಿ ಹೋಗಿ ನೋಡುತ್ತಿದ್ದೆ. ಅಕ್ಕ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಕಿವಿ ಪೂರ್ತಿ ಮಂದವಾಗಿತ್ತು, ಉತ್ಸಾಹ ಮಂದವಾಗಿರಲಿಲ್ಲ. ಪಕ್ಕದ ಬೀದಿಯ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ಒಂದು ಬೆಳಗ್ಗೆ ಆ ಮಕ್ಕಳು ಪಾಠಕ್ಕೆ ಬಂದಾಗ ಕುರ್ಚಿಯಲ್ಲಿ ಕೂತ ಹಾಗೇ ಹೋಗಿಬಿಟ್ಟಿದ್ದರು. ಕಷ್ಟ ಪಡಲಿಲ್ಲ ಎಂದು ಡಾಕ್ಟರು ಹೇಳಿದ್ದು ಕೇಳಿ, ಅಳುವಿನ ನಡುವೆಯೂ ನನ್ನ ಎದೆ ಹಗುರಾಯಿತು.

ಅವರನ್ನು ಬನಶಂಕರಿಯ ಚಿತಾಗಾರಕ್ಕೆ ಕಳಿಸಿ ನಾನು ಮನೆಗೆ ಬಂದೆ. ಅಪ್ಪನಿಗೆ ಆಗ ಎಂಬತ್ತು ದಾಟಿತ್ತು, ಬೆಳಗಿನ ಸ್ನಾನ ಆಗಿ ಬಹಳ ಹೊತ್ತಾಗಿತ್ತು. ವಿಷಯ ಕೇಳಿದವರೇ ಎದ್ದರು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ಒಳಗಿನಿಂದ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿಸಿತು, ಚೊಂಬಿನ ಮೇಲೆ ಚೊಂಬು. ಹತ್ತಿರದ ಬಂಧುಗಳು ತೀರಿಕೊಂಡರೆ ಮಾತ್ರ ನಮ್ಮಲ್ಲಿ ಹೀಗೆ ತಲೆಗೆ ನೀರು ಹಾಕಿಕೊಳ್ಳುವುದು.

ಒದ್ದೆ ಪಂಚೆಯಲ್ಲಿ ಹೊರಗೆ ಬಂದ ಅಜ್ಜನನ್ನು ನನ್ನ ಮಗಳು ದಿಗಿಲಿನಿಂದ ನೋಡಿದಳು. "ತಾತಾ, ಯಾರು ಹೋಗಿದ್ದು? ಯಾರ ಕಡೆಯವರು?"

ಅಪ್ಪ ಟವಲಿನಿಂದ ತಲೆ ಒರೆಸಿಕೊಳ್ಳುತ್ತಾ, "ನಮ್ಮ ಕಡೆಯವರು," ಎಂದರು.